ಮಲ್ಪೆಯ ಬೋಟಿಗೆ 8 ಲಕ್ಷ ಹಾಕಲಾ? ಉಪಗ್ರಹದ ಪಟ್ಟಿ ನಂಬಬಹುದಾ? ಅನುಭವ ಇದ್ದವರು ಹೇಳಿ

ಚನ್ನಗಿರಿ ಅಡಿಕೆ:
ನಮಸ್ಕಾರ. ನನ್ನ ಹೆಂಡತಿಯ ಅಣ್ಣ ಮಲ್ಪೆಯಲ್ಲಿದ್ದಾರೆ. ಪರ್ಸೀನ್ ಬೋಟಿಗೆ (ಮೀನಿನ ಗುಂಪನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಬೋಟು) ಪಾಲುದಾರರು ಬೇಕಂತೆ, ನನ್ನ ಪಾಲು 8 ಲಕ್ಷ. ಈಗ ಮೊದಲಿನ ಹಾಗೆ ಸುಮ್ನೆ ಹುಡುಕುವುದಿಲ್ಲ, ಬೆಚ್ಚಗಿನ ನೀರು ತಣ್ಣೀರು ಕೂಡುವ ಜಾಗ ಉಪಗ್ರಹಕ್ಕೆ ಕಾಣುತ್ತದೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಮೀನು ಸಿಗಬಹುದಾದ ಅಂಥ ಜಾಗಗಳ ಪಟ್ಟಿ ಮೊಬೈಲಿಗೇ ಬರುತ್ತದೆ ಅನ್ನುತ್ತಾರೆ. ತೋಟ ಬಿಟ್ಟು ಬೇರೆ ವ್ಯವಹಾರ ಮಾಡಿದವನಲ್ಲ ನಾನು.

ಹರಿಹರದವನು:
2019ರಲ್ಲಿ ನಾನು ಟ್ರಾಲ್ ಬೋಟಿಗೆ 6 ಲಕ್ಷ ಹಾಕಿದೆ, ಹೆಂಡತಿಯ ಬಂಗಾರ ಅಡವಿಟ್ಟು. ಮೊದಲ ಟ್ರಿಪ್ಪಿನ ಲೆಕ್ಕ ಕೇಳಿ. 10 ದಿನ. ಡೀಸೆಲ್ 3,800 ಲೀಟರ್, 68ರಂತೆ 2,58,400. ಐಸ್ 22,000. ರೇಷನ್, ಗ್ಯಾಸ್, ನೀರು 14,500. ಒಟ್ಟು 2,94,900. ಬಂದರಿನ ಧಕ್ಕೆಯಲ್ಲಿ ಹರಾಜಾಗಿ ಬಂದದ್ದು 2,71,000. ಕೂಲಿ ಇನ್ನೂ ಕೊಟ್ಟೇ ಇಲ್ಲ!

ಹೊರಟಿದ್ದು ಆ ಪಟ್ಟಿ ನೋಡಿಯೇ. ಆದರೆ ನಮ್ಮ ಮುಖ್ಯ ಪಾಲುದಾರ ಹಿಡಿದು ತಂದದ್ದು ನಾಲ್ಕು ದಿನದ ಹಿಂದಿನದು. ನೀರು ನಿಂತಲ್ಲೇ ನಿಲ್ಲುತ್ತದಾ? ನಾವು ಹೋಗುವಷ್ಟರಲ್ಲಿ ಎರಡು ನೀರು ಕೂಡುವ ಆ ಗೆರೆ ಅಲ್ಲಿರಲಿಲ್ಲ. ಮೇಲೆ ಮೋಡ ಮುಚ್ಚಿತ್ತು. ಮೋಡ ಇದ್ದರೆ ಉಪಗ್ರಹಕ್ಕೆ ನೀರು ಸರಿಯಾಗಿ ಕಾಣುವುದಿಲ್ಲ. ಎರಡನೇ ಟ್ರಿಪ್ಪಿನಲ್ಲಿ ಬಲೆ ಬಂಡೆಗೆ ಸಿಕ್ಕಿ ಹರಿಯಿತು, 85,000. ಆಮೇಲೆ ಗೇರ್ ಬಾಕ್ಸ್, 1,10,000. 2021ರಲ್ಲಿ ಪಾಲು ಮಾರಿದೆ. ಕೈಗೆ ಬಂದದ್ದು 2,40,000. ಬೇಡ ಸ್ವಾಮಿ, ಬೇಡ.

ಚಳ್ಳಕೆರೆ ಕಲಾಸಿ:
ಹರಿಹರದಣ್ಣ, ಟ್ರಾಲ್ ಅಂದರೆ ತಳ ಗುಡಿಸುವ ಬಲೆ. ಆ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುವುದು ಮೇಲೆ ಓಡಾಡುವ ಬಂಗುಡೆ, ಬೂತಾಯಿಗೆ. ಹಳೇ ಪಟ್ಟಿ ಹಿಡಿದು ಹೋಗಿ ಸಮುದ್ರವನ್ನು ಬೈಯಬೇಡಿ.

ಶೇಂಗಾ ಒಣಗಿದ ವರ್ಷ ಊರು ಬಿಟ್ಟು ಮಲ್ಪೆಗೆ ಹೋದವನು ನಾನು. ಪರ್ಸೀನಿನಲ್ಲಿ ಒಂಬತ್ತು ಸೀಸನ್ ದುಡಿದಿದ್ದೇನೆ. ಆ ಗೆರೆಯನ್ನು ಕಣ್ಣಾರೆ ಕಂಡವರು ಇಲ್ಲಿ ಎಷ್ಟು ಜನ? ಒಂದು ಕಡೆ ನೀರು ನಮ್ಮ ಕೆರೆಯ ಪಾಚಿ ಬಣ್ಣ, ಇನ್ನೊಂದು ಕಡೆ ಕಡುನೀಲಿ. ನಡುವೆ ನೊರೆ, ಕಡ್ಡಿ, ಕಸ, ಹಗ್ಗ ಎಳೆದ ಹಾಗೆ ಕಣ್ಣು ಹಾಯುವವರೆಗೂ. ಎರಡು ಹರಿವು ಒಂದಕ್ಕೊಂದು ಒತ್ತಿ ನಿಂತಲ್ಲಿ ತೇಲುವುದೆಲ್ಲ ಸೇರಿಕೊಳ್ಳುತ್ತದೆ. ಪಾಚಿ ತಿನ್ನಲು ಸಣ್ಣ ಹುಳ, ಹುಳ ತಿನ್ನಲು ಮೀನು. ಹಕ್ಕಿ ಎರಗುವುದು ಕಂಡ ಕೂಡಲೇ ಬೋಟು ನಡೆಸುವ ತಾಂಡೇಲರು ಎಂಜಿನ್ ಇಳಿಸು ಅಂತ ಕೈ ಮಾಡುತ್ತಿದ್ದರು. ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು.

ಪಟ್ಟಿಯಲ್ಲಿ ಬಂದರಿನಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ ಅಂತ ಇರುತ್ತದೆ. ಹುಡುಕಾಟದ ಡೀಸೆಲ್ ಉಳಿಯುತ್ತದೆ, ಅದು ನಿಜ. ಆದರೆ ಅದು ಎಲ್ಲರಿಗೂ ಬರುತ್ತದೆ ಅಲ್ವಾ? ಒಂದು ಸಲ ಒಂದೇ ಗೆರೆಗೆ ಮೂವತ್ತು ಬೋಟು. ಬೆಳಿಗ್ಗೆ ಕಿಲೋ 110 ಇದ್ದ ಬಂಗುಡೆ ಸಂಜೆಗೆ 45. ರಾತ್ರಿಯಿಡೀ ಬಲೆ ಎಳೆದು ಕೈಗೆ ಬಂದದ್ದು 900 ರೂಪಾಯಿ.

ಹರಿಹರದವನು:
ಬೋಟು ಮುಳುಗಿದರೂ ನಿಮ್ಮ ಬಂಗಾರ ಬ್ಯಾಂಕಿನಲ್ಲಿರಲಿಲ್ಲ. ನನ್ನದಿತ್ತು. ಪರ್ಸೀನಿನವರು ರಾತ್ರಿ ಲೈಟ್ ಹಾಕಿ ಮೀನು ಬಾಚುವುದನ್ನೂ ಹೇಳಪ್ಪ. 2017ರ ನವೆಂಬರಿನಲ್ಲೇ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ.

ಚಳ್ಳಕೆರೆ ಕಲಾಸಿ:
ನಮ್ಮ ಬೋಟಿನಲ್ಲಿ ಒಂದು ದಿನವೂ ಲೈಟ್ ಕಟ್ಟಿಲ್ಲ. ಅದೇ ಆದೇಶದಲ್ಲಿ ಎರಡು ಬೋಟು ಸೇರಿ ಒಂದೇ ಟ್ರಾಲ್ ಬಲೆ ಎಳೆಯುವ ಬುಲ್ ಟ್ರಾಲಿಂಗೂ ನಿಷೇಧ ಆಯಿತು. ಅದನ್ನು ಯಾಕೆ ನುಂಗಿಕೊಂಡಿರಿ?

ಗಂಗೊಳ್ಳಿ ಮಗಳು, ದಾವಣಗೆರೆ ಸೊಸೆ:
ಇಬ್ಬರೂ ಸಾಕು ಮಾಡಿ. ನಾನು ಇಲ್ಲಿ ಭೂಗೋಳ ಪಾಠ ಮಾಡುತ್ತೇನೆ, ನಮ್ಮಪ್ಪ ನಾಡದೋಣಿಯವರು. ಮುಂಗಾರಿನಲ್ಲಿ ನಮ್ಮ ಕರಾವಳಿಯ ಪ್ರವಾಹ ತೆಂಕಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಕ್ಕೆ ತಿರುಗುತ್ತದೆ. ಮುಂಗಾರಿನಲ್ಲಿ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಅಡಿಯ ತಣ್ಣೀರು ಗೊಬ್ಬರದಂಥ ಸಾರ ಹೊತ್ತು ಮೇಲೆ ಬರುತ್ತದೆ. ಅಪ್ಪ ಮೊಣಕೈವರೆಗೆ ಕೈ ಮುಳುಗಿಸಿ ಒಂದು ಗಳಿಗೆ ಸುಮ್ಮನಿರುತ್ತಿದ್ದರು. "ತಣ್ಣೀರು ಬಂತು" ಅಂದರೆ ಬಂತು.

ಸಮುದ್ರ ಅಷ್ಟು ಫಲವತ್ತಾದ ಹೊತ್ತಿನಲ್ಲೇ ಮೇಲೆ ಮೋಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತೆಯೂ ಇಲ್ಲ. ಇನ್ನೊಂದು ವಿಷಯ. ಉಪಗ್ರಹ ನೋಡುವುದು ನೀರಿನ ಬಿಸಿಯನ್ನು, ಬಣ್ಣವನ್ನು. ಮೀನನ್ನಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸುಮಾರು 3,300 ಟನ್. ಪಟ್ಟಿ ಆಗಲೂ ಬರುತ್ತಿತ್ತು. ನಮ್ಮ ಕಡೆಯೂ ಬೂತಾಯಿ ಇಲ್ಲದ ವರ್ಷ ಅಪ್ಪ ದೋಣಿ ಮಾರಿದರು, ಎಂಜಿನ್ ಸೇರಿ 1,35,000ಕ್ಕೆ. ಬಲೆಯನ್ನು ಮಾತ್ರ ಕೊಡಲಿಲ್ಲ. ಇನ್ನೂ ಅಟ್ಟದಲ್ಲಿದೆ.

ಹಿರಿಯೂರು ಹಿನ್ನೀರು:
ಸಮುದ್ರವೇ ಯಾಕೆ? ನಾವು ನಾಲ್ವರು ಸೇರಿ ವಾಣಿವಿಲಾಸ ಸಾಗರ ಜಲಾಶಯದಲ್ಲಿ ಮೀನು ಹಿಡಿದವರು. ವೇದಾವತಿಯ ಹೊಸ ನೀರು ಕೆಂಪಗೆ ಬಂದು ತಿಳಿನೀರಿಗೆ ಕೂಡುವ ಕಡೆಗೇ ತೆಪ್ಪ ಬಿಡುತ್ತಿದ್ದೆವು. ಅದೂ ಒಂದು ಗೆರೆಯೇ, ಅದಕ್ಕೆ ಉಪಗ್ರಹ ಬೇಕಿಲ್ಲ. 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿತ್ತು. ಜಿಲ್ಲೆಗೆ ಜಿಲ್ಲೆಯೇ ನೋಡಲು ಬಂದಿತ್ತು, ನಾನೂ ಕೈಮುಗಿದೆ. ಆದರೆ ನಾವು ಸಾಕಿದ ಕಾಟ್ಲಾ, ರೋಹು ಕೋಡಿಯಲ್ಲಿ ಹಾರಿ ಹೋಗುವುದನ್ನೂ ಅಲ್ಲೇ ನಿಂತು ನೋಡಿದೆ. 2,15,000 ನಷ್ಟ.

ಚಳ್ಳಕೆರೆ ಕಲಾಸಿ:
ಕಾಟ್ಲಾ ತಂದು ಬಂಗುಡೆಯ ಪಕ್ಕ ಇಡಬೇಡಿ ಸರ್. ಮಣ್ಣು ವಾಸನೆ.

ಹಿರಿಯೂರು ಹಿನ್ನೀರು:
ಹತ್ತು ದಿನ ಐಸಿನಲ್ಲಿ ಮಲಗಿ ಘಟ್ಟ ಹತ್ತಿದ ಮೀನಿಗಿಂತ ವಾಸಿ.

ಚಳ್ಳಕೆರೆ ಕಲಾಸಿ:
ಹತ್ತು ದಿನ ಟ್ರಾಲ್ ಬೋಟಿನದು. ನಮ್ಮದು ಹೋದ ದಿನವೇ ವಾಪಸ್. ಗೊತ್ತಿಲ್ಲದೆ ಮಾತಾಡಬೇಡಿ.

ಚನ್ನಗಿರಿ ಅಡಿಕೆ:
ಎಲ್ಲರಿಗೂ ಧನ್ಯವಾದ. ಭಾವ ಈಗ ಫೋನ್ ಮಾಡಿದ್ದರು, ಪಾಲು 10 ಲಕ್ಷ ಆಗುತ್ತದಂತೆ. ಹೊಸ ಬಲೆ ಸೇರಿ.

ಹರಿಹರದವನು:
ಹಣ ಕಳಿಸುವ ಮುಂಚೆ ಒಂದು ಸಲ ಹರಿಹರಕ್ಕೆ ಬನ್ನಿ. ಡೀಸೆಲ್ ಚೀಟಿ, ಐಸಿನ ಚೀಟಿ, ಗೇರ್ ಬಾಕ್ಸಿನ ಬಿಲ್ಲು, ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಅವರ ಹತ್ತಿರವೂ ಕಳೆದ ಎರಡು ಸೀಸನ್ನಿನ ಚೀಟಿ ಕೇಳಿ, ಮನೆಯವರು ಅಂತ ಸಂಕೋಚ ಮಾಡಬೇಡಿ. ಸಿಕ್ಕರೆ ತನ್ನಿ, ಪಕ್ಕ ಪಕ್ಕ ಇಟ್ಟು ನೋಡೋಣ.