ಕನ್ಸೋಲ್ ಕೇಬಲ್ ಹಾಕಿದರೂ ಪರದೆ ಖಾಲಿ, ಏನು ಮಾಡಲಿ?

ಕೇಳಿದ್ದು:
ಹಾಸನದ ಕಡೆ ಸಣ್ಣ ಇಂಟರ್ನೆಟ್ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಎರಡು ಓಎಲ್‌ಟಿ (ಮನೆಮನೆಯ ಫೈಬರ್ ಬಂದು ಸೇರುವ ಯಂತ್ರ), ಒಂದು ಸಿಸ್ಕೋ ಸ್ವಿಚ್, ಒಂದು ಮೈಕ್ರೋಟಿಕ್ ರೂಟರ್ ನನ್ನ ಪಾಲಿಗೆ ಬಂದಿವೆ. ಲ್ಯಾಪ್‌ಟಾಪ್‌ಗೆ ಕನ್ಸೋಲ್ ಕೇಬಲ್ (ಯಂತ್ರಕ್ಕೆ ನೇರವಾಗಿ ಆಜ್ಞೆ ಕೊಡುವ ತಂತಿ) ಹಾಕಿ ಪುಟ್ಟಿ ಅನ್ನೋ ಟರ್ಮಿನಲ್ ತಂತ್ರಾಂಶದಲ್ಲಿ ವೇಗ 9600 ಇಟ್ಟರೆ ಸ್ವಿಚ್‌ನಿಂದ ಏನೂ ಬರಲ್ಲ. ಮೈಕ್ರೋಟಿಕ್‌ನಿಂದ ಬರೀ ಗೀಚುಗೀಚು ಅಕ್ಷರ. ಇನ್ನೊಂದು, ಪ್ರತಿ ಸಲ ಬೈಕ್ ಹತ್ತಿ ಈ ಯಂತ್ರಗಳಿರುವ ರ್‍ಯಾಕ್ ಹತ್ತಿರ ಹೋಗೋದು ತಪ್ಪಿಸಬಹುದಾ? ಅನುಭವ ಇರುವವರು ಹೇಳಿ.

ಹುಬ್ಬಳ್ಳಿಯಿಂದ:
ಗೀಚು ಬಂತಂದ್ರೆ ಖುಷಿ ಪಡ್ರಿ. ಕೇಬಲ್, ಡ್ರೈವರ್ ಎರಡೂ ಜೀವಂತ ಇವೆ, ವೇಗ ಮಾತ್ರ ಹೊಂದಿಲ್ಲ. ಮೈಕ್ರೋಟಿಕ್‌ಗೆ 115200 ಇಟ್ಟು ನೋಡಿ. ಸಿಸ್ಕೋಗೆ 9600 ಸರಿ.

ಹಾಗಾದರೆ ಸ್ವಿಚ್ ಯಾಕೆ ಸುಮ್ಮನಿದೆ? ಮೊದಲು ಯಾವ ಕಿಂಡಿಗೆ ಚುಚ್ಚಿದ್ದೀರಿ ನೋಡಿ. ಕನ್ಸೋಲ್ ಪೋರ್ಟ್, ಮ್ಯಾನೇಜ್‌ಮೆಂಟ್ ಈಥರ್‌ನೆಟ್ ಪೋರ್ಟ್ ಎರಡೂ ಆರ್‌ಜೆ45, ಪಕ್ಕಪಕ್ಕದಲ್ಲೇ ಇರುತ್ತವೆ. ಸರಿಯಾದ ಕಿಂಡಿಯೇ ಆಗಿದ್ದರೆ ಎಂಟರ್ ಒತ್ತಿದಿರಾ? ಒತ್ತುವ ತನಕ ಪರದೆ ಖಾಲಿಯೇ ಇರುತ್ತದೆ. ಕೆಲವು ಸಿಸ್ಕೋ ಮಾದರಿಗಳಲ್ಲಿ ಯುಎಸ್‌ಬಿ ಕನ್ಸೋಲ್ ಕಿಂಡಿಯೂ ಇದೆ. ಅದರಲ್ಲಿ ಯಾರೋ ಕೇಬಲ್ ಬಿಟ್ಟು ಹೋಗಿದ್ದರೆ ಆರ್‌ಜೆ45 ಕಡೆ ಟೈಪ್ ಮಾಡಿದ್ದನ್ನು ಸ್ವಿಚ್ ಕೇಳಿಸಿಕೊಳ್ಳುವುದಿಲ್ಲ.

ಪುಟ್ಟಿಯಲ್ಲಿ ಫ್ಲೋ ಕಂಟ್ರೋಲ್ (ಎರಡು ಕಡೆಯವರು 'ತಡಿ, ಈಗ ಕಳಿಸು' ಅಂತ ಹೇಳಿಕೊಳ್ಳುವ ವ್ಯವಸ್ಥೆ) ಎಕ್ಸ್‌ಆನ್/ಎಕ್ಸ್‌ಆಫ್ ಅಂತಲೇ ಇರುತ್ತದೆ, ಅದನ್ನು 'ನನ್' (None) ಮಾಡಿಬಿಡಿ. ಲಿನಕ್ಸ್‌ನ ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. ಅದು ಆನ್ ಇದ್ದರೆ ಬರುವ ಸಾಲು ಕಾಣುತ್ತದೆ, ನೀವು ಟೈಪ್ ಮಾಡಿದ್ದು ಆ ಕಡೆ ಹೋಗುವುದಿಲ್ಲ. ತಲೆ ಕೆಡುವುದು ಇಲ್ಲೇ.

ಎಸ್.ಪಿ. ರೋಡ್ ಗಿರಾಕಿ:
ಕೇಬಲ್ ಬಗ್ಗೆ ಒಂದು ಮಾತು. ಅಗ್ಗದ ಯುಎಸ್‌ಬಿ ಸೀರಿಯಲ್ ಕೇಬಲ್‌ಗಳಲ್ಲಿ ಹಳೆಯ ಅಥವಾ ನಕಲಿ ಪಿಎಲ್2303 ಚಿಪ್ ಇರುವುದು ಜಾಸ್ತಿ. ಹೊಸ ವಿಂಡೋಸ್ ಡ್ರೈವರ್ ಅದನ್ನು ಒಪ್ಪುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಂದರೆ ಇದೇ ಕಥೆ. ಎಫ್‌ಟಿಡಿಐ ಕಂಪನಿಯ ಚಿಪ್ಪಿನದು ತಗೊಳ್ಳಿ, ಆದರೆ ಅದರಲ್ಲೂ ನಕಲಿ ಇದೆ. 2014ರಲ್ಲಿ ಆ ಕಂಪನಿಯ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ದೊಡ್ಡ ಗಲಾಟೆ ಆಗಿತ್ತು.

ಅನುಮಾನ ಬಂದರೆ ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್ ತಂತಿಯಿಂದ ಜೋಡಿಸಿ ಟೈಪ್ ಮಾಡಿ. ಅಕ್ಷರ ವಾಪಸ್ ಬಂದರೆ ಅಲ್ಲಿವರೆಗೆ ಎಲ್ಲ ಸರಿ. ಎರಡು ನಿಮಿಷದ ಕೆಲಸ, ಅರ್ಧ ದಿನದ ಜಗಳ ಉಳಿಯುತ್ತದೆ.

ನಿವೃತ್ತ ಟ್ರಾನ್ಸ್‌ಮಿಷನ್ ಕೆಲಸಗಾರ:
ಟೆಲಿಕಾಂ ಯಂತ್ರಗಳಿಗೆ ಮೈನಸ್ 48 ವೋಲ್ಟ್ ಡಿಸಿ ಕೊಡುವ ರೂಮಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಸಿ, ತಮ್ಮಾ. ಚಾರ್ಜರ್‌ನ ಅರ್ತ್, ರ್‍ಯಾಕ್‌ನ ಅರ್ತ್ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಪೋರ್ಟ್ ಸುಟ್ಟು ಹೋಗಬಹುದು.

ದೂರದಿಂದ ನೋಡುವ ಆಸೆ ಹೊಸದಲ್ಲ. ನಮ್ಮ ಎಸ್‌ಡಿಎಚ್ (ಫೈಬರ್ ಮೇಲೆ ಟೆಲಿಕಾಂ ಸಿಗ್ನಲ್ ಸಾಗಿಸುವ ಹಳೆಯ ಪದ್ಧತಿ) ಕಾಲದಲ್ಲಿ ಫೈಬರ್‌ನಲ್ಲಿ ಹೋಗುವ ಸಿಗ್ನಲ್‌ನ ಹೆಡರ್‌ನಲ್ಲೇ ನಿರ್ವಹಣೆಗೆ ಜಾಗ ಇಟ್ಟಿದ್ದರು, ಸೆಕೆಂಡಿಗೆ 192 ಕಿಲೋಬಿಟ್. ಒಂದು ಕಡೆ ಕಂಪ್ಯೂಟರ್ ಜೋಡಿಸಿದರೆ ಇಡೀ ರಿಂಗ್ ಕಾಣುತ್ತಿತ್ತು. ರಿಂಗ್ ಇಲ್ಲದೆ ಒಂದೇ ಸಾಲಾಗಿದ್ದು ಫೈಬರ್ ತುಂಡಾದರೆ? ಆ ಕಡೆಯ ನೋಡ್ ಕತ್ತಲು. ಜೀಪ್ ಹತ್ತಲೇಬೇಕಿತ್ತು.

ಟೊರಾಂಟೊದಿಂದ:
ಸರ್ ಹೇಳಿದ ಕತ್ತಲು ಇಲ್ಲಿ 2022ರ ಜುಲೈ 8ರಂದು ದೇಶದ ಉದ್ದಗಲಕ್ಕೂ ಒಂದೇ ಕಂಪನಿಯ ಗ್ರಾಹಕರಿಗೆ ಬಂತು. ಕೆನಡಾದ ದೊಡ್ಡ ಟೆಲಿಕಾಂ ಕಂಪನಿ ರೋಜರ್ಸ್ ಒಂದು ರೂಟಿಂಗ್ ಫಿಲ್ಟರ್ ತೆಗೆದಿತ್ತು, ಕೋರ್ ರೂಟರ್‌ಗಳು ಮಾರ್ಗಗಳ ಹೊರೆ ತಾಳದೆ ಬಿದ್ದವು. ನಿರ್ವಹಣಾ ಜಾಲವೂ ಅದೇ ಕೋರ್ ಮೇಲೆ ನಿಂತಿತ್ತು. ಸಿಬ್ಬಂದಿಯ ಮೊಬೈಲ್‌ಗಳೂ ಅದೇ ಕಂಪನಿಯವು. ಸರಿಪಡಿಸಬೇಕಾದವರೇ ಹೊರಗೆ ನಿಂತರು, ದೂರದ ಕೇಂದ್ರಗಳಿಗೆ ಬೇರೆ ಕಂಪನಿಯ ಸಿಮ್ ಕಳಿಸಬೇಕಾಯಿತು.

ನಿಮಗೆ ಬೇಕಾಗಿರುವುದೂ ಆ ಸಿಮ್ಮೇ. ಕನ್ಸೋಲ್ ಪೋರ್ಟ್‌ಗಳನ್ನು ಒಂದು ಸಣ್ಣ ಕನ್ಸೋಲ್ ಸರ್ವರ್‌ಗೆ ಜೋಡಿಸಿ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಜೊತೆಗೆ ಯುಎಸ್‌ಬಿ ಕೇಬಲ್‌ಗಳು ಇದ್ದರೂ ನಡೆಯುತ್ತದೆ. ಅದಕ್ಕೆ ನಿಮ್ಮ ಜಾಲ ಬಿಟ್ಟು ಬೇರೆ ಕಂಪನಿಯ 4ಜಿ ಕೊಡಿ. ಮೊಬೈಲ್ ಸಿಮ್‌ಗೆ ಸಾಮಾನ್ಯವಾಗಿ ಹೊರಗಿನಿಂದ ನೇರ ತಲುಪುವ ಪಬ್ಲಿಕ್ ಐಪಿ ವಿಳಾಸ ಸಿಗುವುದಿಲ್ಲ, ಹಾಗಾಗಿ ಪೈ ಕಡೆಯಿಂದಲೇ ಆಫೀಸಿಗೆ ವೈರ್‌ಗಾರ್ಡ್ ವಿಪಿಎನ್ (ಸುರಕ್ಷಿತ ಸುರಂಗ) ಕಟ್ಟಿಸಿ. ಲಾಗಿನ್‌ಗೆ ಗೂಢಲಿಪಿ ಇಲ್ಲದ ಟೆಲ್ನೆಟ್ ಬೇಡ, ಎಸ್‌ಎಸ್‌ಎಚ್ ಸಾಕು.

ದೂರದಿಂದ ಬದಲಾವಣೆ ಮಾಡುವಾಗ ಸಿಸ್ಕೋದಲ್ಲಿ ಮೊದಲು 'ರೀಲೋಡ್ ಇನ್ 10' ಕೊಡಿ. ಸಂಪರ್ಕ ಹೋದರೆ ಹತ್ತು ನಿಮಿಷಕ್ಕೆ ಅದೇ ರೀಬೂಟ್ ಆಗಿ ಸೇವ್ ಆಗಿದ್ದ ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲ ಸರಿ ಇದ್ದರೆ 'ರೀಲೋಡ್ ಕ್ಯಾನ್ಸಲ್'. ಮೈಕ್ರೋಟಿಕ್‌ನಲ್ಲಿ ಕಂಟ್ರೋಲ್ ಎಕ್ಸ್ ಒತ್ತಿ ಸೇಫ್ ಮೋಡ್‌ಗೆ ಹೋಗಿ, ಸಂಪರ್ಕ ಹೋದರೆ ಬದಲಾವಣೆ ತಾನೇ ರದ್ದಾಗುತ್ತದೆ.

ಹುಬ್ಬಳ್ಳಿಯಿಂದ:
ಆ ಸಿಮ್‌ನ ರೀಚಾರ್ಜ್ ದಿನಾಂಕ ರ್‍ಯಾಕ್ ಬಾಗಿಲ ಮೇಲೆ ಬರೆದು ಅಂಟಿಸಿ. ಬೇಕಾದ ದಿನವೇ ಪ್ಯಾಕ್ ಮುಗಿದಿರುತ್ತದೆ ನೋಡ್ರಿ.