ಕೆರೆ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕೋದು ಹೇಗೆ?

ಕೆರೆದಂಡೆ:
ಮೂರು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಹಕ್ಕಿ ಎಣಿಸುತ್ತಿದ್ದೇನೆ. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ, ನಾಮದಕೋಳಿ, ಎಲ್ಲಾ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಇಟ್ಟಿದ್ದೇನೆ. ಎಷ್ಟು ಜಾತಿ ಇವೆ, ಎಷ್ಟು ಸಮನಾಗಿ ಹಂಚಿಕೊಂಡಿವೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಶ್ಯಾನನ್ ಸೂಚ್ಯಂಕವನ್ನು ಎಕ್ಸೆಲ್‌ನಲ್ಲಿ ತೆಗೆದರೆ ಒಂದು ವಾರ 1.6, ಮುಂದಿನ ವಾರ 0.8. ಕೆರೆ ಹಾಳಾಗ್ತಿದೆ ಅಂತಾನಾ?

ಲೆಕ್ಕದಮೇಷ್ಟ್ರು:
ಗಾಬರಿ ಬೇಡ ಮೇಡಂ. ಆ ಸೂತ್ರ ಹುಟ್ಟಿದ್ದೇ ಹಕ್ಕಿಗಾಗಿ ಅಲ್ಲ, 1948ರಲ್ಲಿ ಕ್ಲಾಡ್ ಶ್ಯಾನನ್ ಸಂದೇಶ ಕಳಿಸುವ ಲೆಕ್ಕಕ್ಕೆ ಬರೆದಿದ್ದು. 100 ಹಕ್ಕಿ, 5 ಜಾತಿ, ತಲಾ 20 ಇದ್ದರೆ 1.61 ಬರುತ್ತದೆ. ಅದೇ 5 ಜಾತಿಯಲ್ಲಿ ಒಂದೇ 80 ಇದ್ದು ಉಳಿದವು ತಲಾ 5 ಆದರೆ 0.78. ಜಾತಿ ಒಂದೂ ಕಮ್ಮಿ ಆಗಿಲ್ಲ ನೋಡಿ! ಒಂದು ದೊಡ್ಡ ಹಿಂಡು ಬಂದಿಳಿದರೂ ಸಾಕು, ಅಂಕಿ ಬಿದ್ದುಹೋಗುತ್ತದೆ. ಇದು ಆ ದಿನದ ಫೋಟೋ ಅಷ್ಟೇ, ಕೆರೆ ಬಾಳಿಕೆ ಬರುತ್ತಾ ಅನ್ನೋದನ್ನು ಇದೊಂದೇ ಹೇಳಲ್ಲ.

ನಾಲೆಬಯಲು, ಮಂಡ್ಯ:
ಮೇಷ್ಟ್ರು ಹೇಳಿದ್ದು ಸರಿ. ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ಉಲನೋವಿಚ್, ಯಾರು ಯಾರನ್ನು ಎಷ್ಟು ತಿನ್ನುತ್ತಾರೆ ಅಂತ ಬಲೆ ಬರೆದು, ಶ್ಯಾನನ್ ಲೆಕ್ಕವನ್ನೇ ಎರಡು ಪಾಲು ಮಾಡಿದರು. ಒಂದು ನೆಟ್ಟಗೆ, ಪೋಲಾಗದೆ ಹರಿಯುವ ಪಾಲು. ಇನ್ನೊಂದು ಬದಲಿ ದಾರಿಗಳ ಪಾಲು. ಎರಡೂ ಬೇಕು. ನಮ್ಮ ಬಯಲನ್ನೇ ನೋಡಿ, ನಾಲೆ ನೀರು ಬಂತು ಅಂದ್ರೆ ಬರೀ ಕಬ್ಬು ಭತ್ತ, ಇಳುವರಿ ಚೆನ್ನಾಗೇ ಬರುತ್ತೆ, ಆದರೆ 2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲವಲ್ಲ, ಆಗ ರಾಗಿ ಹುರುಳಿ ಹಾಕಿಕೊಂಡಿದ್ದವನು ಹೇಗೋ ಬಚಾವಾದ, ನಾನು ಬರೀ ಕಬ್ಬು ನಂಬಿ ಕೆಟ್ಟೆ. ಬದಲಿ ದಾರಿ ಅಂದ್ರೆ ಅದೇ.

ಕೆರೆಯಲ್ಲಿ ಆ ಬಲೆ ಪೂರ್ತಿ ಅಳೆಯೋದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಬಿಡಿ.

ಲೆಕ್ಕದಮೇಷ್ಟ್ರು:
ಅದಕ್ಕೇ ಸುಲಭದ್ದು ಒಂದಿದೆ. ಸೂರ್ಯ ಹುಟ್ಟುವ ಮುಂಚೆ ದಿನಾ ಅದೇ ಜಾಗದಲ್ಲಿ ನೀರಿನ ಆಮ್ಲಜನಕ ಅಳೆಯಿರಿ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲವೂ ಸೇರಿ ಉಸಿರಾಡಿ ಖಾಲಿ ಮಾಡುತ್ತವೆ, ಹಾಗಾಗಿ ಆ ಹೊತ್ತಿಗೇ ತೀರಾ ಕಮ್ಮಿ. ಮೋಡ ಕವಿದ ದಿನ ಇನ್ನೂ ಇಳಿಯುತ್ತದೆ. ಇಳಿದದ್ದು ಎಷ್ಟು ಬೇಗ ಮೇಲೇಳುತ್ತೆ ಅನ್ನೋದೇ ಗಮನಿಸಬೇಕಾದ್ದು. ಕುಸಿಯುವ ಹಂತಕ್ಕೆ ಹತ್ತಿರವಾದ ಕೆರೆ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ, ಅಂದರೆ ಇವತ್ತಿನ ಅಂಕಿ ನಿನ್ನೆಯದನ್ನೇ ಹೋಲತೊಡಗುತ್ತದೆ. ಎಕ್ಸೆಲ್‌ನಲ್ಲಿ ಅದೇ ಕಾಲಮನ್ನು ಒಂದು ಸಾಲು ಕೆಳಗೆ ಜಾರಿಸಿ, ಎರಡಕ್ಕೂ ಕೋರೆಲ್ (CORREL) ಫಾರ್ಮುಲಾ ಹಾಕಿ, ಎರಡೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅಂತ ಅದು ಹೇಳುತ್ತದೆ. ಅದು ತಿಂಗಳಿಂದ ತಿಂಗಳಿಗೆ ಏರುತ್ತಾ ಹೋದರೆ ಯೋಚನೆ ಮಾಡಿ. ಮಳೆಗಾಲ ಬೇಸಿಗೆಯ ಏರಿಳಿತ ಮೊದಲು ಕಳೆಯಬೇಕು, ಇಲ್ಲಾಂದ್ರೆ ಸುಮ್ನೆ ಹೆದರಿಕೊಳ್ತೀರಿ.

ಕೆರೆದಂಡೆ:
ಥ್ಯಾಂಕ್ಸ್ ಮೇಷ್ಟ್ರೇ. ಮೀಟರ್ ಯಾರ ಹತ್ತಿರವಾದರೂ ಎರವಲು ಸಿಗುತ್ತಾ ನೋಡ್ತೇನೆ. ನೋಟ್‌ಬುಕ್ ಈಗ ತಿರುಗಿಸಿದೆ. 0.8 ಬಂದ ವಾರ ಒಟ್ಟು 80 ಹಕ್ಕಿಯಲ್ಲಿ 64 ನೀರುಕಾಗೆಯೇ.