ಅಪ್ಪ ಅಮ್ಮನ ಜೊತೆ ಆರ್ಥರ್ಸ್ ಸೀಟ್ ಹತ್ತಬಹುದಾ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಸ್ಕಾಟ್‌ಲೆಂಡಿನ ಎಡಿನ್‌ಬರೋಗೆ ಬಂದು ಎಂಟು ತಿಂಗಳಾಯಿತು. ಮೇ ಮೊದಲ ವಾರ ಅಪ್ಪ ಅಮ್ಮ ಬರುತ್ತಿದ್ದಾರೆ. ವಿಡಿಯೋ ಕಾಲಿನಲ್ಲಿ ಕಿಟಕಿ ಆಚೆ ಕಾಣುವ ಆರ್ಥರ್ಸ್ ಸೀಟ್ ಗುಡ್ಡ ತೋರಿಸಿ, ಇದು ಹಳೇ ಜ್ವಾಲಾಮುಖಿ ಅಂದೆ, ಅಷ್ಟೇ. ಈಗ ಅಪ್ಪನಿಗೆ ಅದನ್ನು ಹತ್ತಲೇಬೇಕಂತೆ, ಅಮ್ಮನಿಗೆ ಮಗ ಎಂಥ ಜಾಗದಲ್ಲಿ ಮನೆ ಮಾಡಿದ್ದಾನೆ ಅನ್ನೋ ಚಿಂತೆ. ಅಪ್ಪನಿಗೆ 64, ದಿನಾ ವಾಕಿಂಗ್ ಇದೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಇಳಿಯುವುದೇ ಕಷ್ಟ. ಸುಲಭದ ದಾರಿ ಯಾವುದು? ನಾನು ಹತ್ತಿದ್ದು ಒಂದೇ ಸಲ, ಅದೂ ಕಾಲೇಜಿನವರ ಹಿಂದೆ ಏದುಸಿರು ಬಿಡುತ್ತಾ. ದಾರಿ ಒಂಚೂರೂ ನೆನಪಿಲ್ಲ.

ಮಳೆ_ಜಾಕೆಟ್

ಎತ್ತರ 251 ಮೀಟರ್ ಮಾತ್ರ, ಹೆದರಬೇಡಿ. ಗುಡ್ಡದ ಬುಡದಲ್ಲಿರುವ ಹೋಲಿರೂಡ್ ಅರಮನೆ ಕಡೆಯಿಂದ ಮಾತ್ರ ಹೋಗಬೇಡಿ, ಆ ಕಡೆ ಏರು ಜಾಸ್ತಿ. ಟ್ಯಾಕ್ಸಿ ಮಾಡಿಕೊಂಡು ಡನ್‌ಸಪಿ ಲಾಕ್ ಅನ್ನೋ ಪುಟ್ಟ ಕೆರೆ ಹತ್ತಿರ ಇಳಿಯಿರಿ. ಹೆಚ್ಚುಕಡಿಮೆ ಅರ್ಧ ಎತ್ತರವನ್ನು ಕಾರೇ ಹತ್ತಿರುತ್ತದೆ. ಅಲ್ಲಿಂದ ಹುಲ್ಲಿನ ಇಳಿಜಾರು, ನಿಧಾನಕ್ಕೆ ನಡೆದರೂ ಅರ್ಧ ಗಂಟೆ ಸಾಕು. ಕೊನೆಯ ಸ್ವಲ್ಪ ದೂರ ಬರೀ ಬಂಡೆ, ಅಲ್ಲಿ ಕೈ ಊರಬೇಕಾಗುತ್ತದೆ. ಅಮ್ಮ ಕೆರೆ ದಡದಲ್ಲೇ ಕೂತರೂ ಬೇಜಾರಾಗಲ್ಲ, ಬಾತುಕೋಳಿ, ಹಂಸ ಎಲ್ಲಾ ಇರುತ್ತವೆ. ಭಾನುವಾರ ಆ ರಸ್ತೆಗೆ ಕಾರು ಬಿಡಲ್ಲ, ವಾರದ ಮಧ್ಯೆ ಹೋಗಿ. ಮೇಲೆ ಅಂಗಡಿ ಇಲ್ಲ, ಟಾಯ್ಲೆಟ್ ಇಲ್ಲ, ನೆರಳೂ ಇಲ್ಲ. ನೀರು, ಚಿತ್ರಾನ್ನ ಎಲ್ಲಾ ಕೆಳಗಿನಿಂದಲೇ.

ಕಲ್ಲು_ಹುಚ್ಚ

ಅಮ್ಮನಿಗೆ ಧೈರ್ಯ ಹೇಳಿ. ಈ ಜ್ವಾಲಾಮುಖಿ ಕೊನೆಯ ಸಲ ಉಗುಳಿದ್ದು ಸುಮಾರು 34 ಕೋಟಿ ವರ್ಷದ ಹಿಂದೆ, ಆಗ ಡೈನೋಸಾರ್ ಕೂಡ ಹುಟ್ಟಿರಲಿಲ್ಲ. ಈಗ ಕಾಣೋದು ಅದರ ಹೊಟ್ಟೆಯೊಳಗೆ ಗಟ್ಟಿಯಾದ ಕಲ್ಲು. ಮೇಲಿನದ್ದೆಲ್ಲಾ ಸವೆದು ಹೋಯಿತು, ಆಮೇಲೆ ಹಿಮನದಿ ಬಂದು ಉಳಿದದ್ದನ್ನು ಕೆರೆದುಕೊಂಡು ಹೋಯಿತು. ಎಡಿನ್‌ಬರೋ ಕೋಟೆ ಕೂತಿರುವ ಬಂಡೆಯೂ ಅದೇ ಕಾಲದ ಜ್ವಾಲಾಮುಖಿಯದ್ದೇ.

ಇನ್ನೊಂದು ಮಾತು. ಅಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದ್ದರೆ, ಈ ಗುಡ್ಡದ ದಕ್ಷಿಣ ಪಕ್ಕದಲ್ಲಿರುವ ಸ್ಯಾಮ್ಸನ್ಸ್ ರಿಬ್ಸ್ ತಪ್ಪದೆ ತೋರಿಸಿ. ರಸ್ತೆ ಪಕ್ಕದಿಂದಲೇ ಕಾಣುತ್ತದೆ, ಹತ್ತಬೇಕಾಗಿಲ್ಲ. ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು, ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಉದ್ದುದ್ದ ಕಂಬಗಳಾಗಿವೆ. ಮಲ್ಪೆಯದ್ದೂ ಹಾಗೇ ಆದದ್ದು, ಆದರೆ ಇದರ ಮುಂದೆ ತೀರಾ ಎಳೆಯದು.

ಮುಂದೆ ಚಾಚಿರುವ ಕೆಂಪು ಗೋಡೆ ಸಾಲಿಸ್‌ಬರಿ ಕ್ರಾಗ್ಸ್. 18ನೇ ಶತಮಾನದಲ್ಲಿ ಭೂವಿಜ್ಞಾನಿ ಜೇಮ್ಸ್ ಹಟ್ಟನ್ ಅಲ್ಲೇ ಕಲ್ಲುಗಳನ್ನು ನೋಡಿ, ಕರಗಿದ ಕಲ್ಲು ಹಳೆಯ ಪದರಗಳ ನಡುವೆ ನುಗ್ಗಿದೆ ಅಂತ ತೋರಿಸಿಕೊಟ್ಟ. ನನಗೆ ಕೇಳಿದರೆ ತುದಿಗಿಂತ ಆ ಗೋಡೆಯೇ ಚೆನ್ನ. ಆದರೆ ಅದರ ಬುಡದ ರಾಡಿಕಲ್ ರೋಡ್ ಅನ್ನೋ ಕಾಲುದಾರಿ 2018ರಲ್ಲಿ ಕಲ್ಲು ಕುಸಿದು ಮುಚ್ಚಿತು. ಬೇಲಿ ಕಂಡರೆ ದಾಟೋಕೆ ಹೋಗಬೇಡಿ, ಕೆಳಗಿನಿಂದ ನೋಡಿದರೆ ಸಾಕು.

ಉಳುಕಿದ_ಕಾಲು

ಮೇಲಿನವರು ಹೇಳಿದ ಆ ಕೊನೆಯ ಬಂಡೆ ಬಗ್ಗೆ ನಂದೂ ಒಂದು ಮಾತು. ಜನರ ಕಾಲು ತಾಗಿ ತಾಗಿ ಅದು ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿದೆ. ಒಂದು ಹನಿ ಬಿದ್ದರೂ ಸೋಪು. ನಾನು ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿದ್ದೆ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಫೋನು ತೆಗೆದು ಸಮುದ್ರದ ಕಡೆ ಒಂದು ಫೋಟೋ ಹೊಡೆಯೋಣ ಅಂತ ತಿರುಗಿದೆ ನೋಡಿ, ಕಾಲು ಸರ್ ಅಂತ ಜಾರಿತು. ಪಾದ ಊದಿಕೊಂಡು ಮೂರು ವಾರ ಕುಂಟಿದೆ. ಪಕ್ಕದಲ್ಲೇ ಒಬ್ಬರು ಅಜ್ಜಿ ನಾಯಿ ಹಿಡಿದುಕೊಂಡು ಆರಾಮಾಗಿ ಇಳಿದು ಹೋದರು, ಅದು ಜಾಸ್ತಿ ನೋವಾಯಿತು. ಹಿಡಿತ ಇರುವ ಶೂ ಇಲ್ಲದಿದ್ದರೆ ಅಪ್ಪನನ್ನು ತುದಿಗೆ ಕರೆದುಕೊಂಡು ಹೋಗಲೇಬೇಡಿ. ಗಾಳಿಯೂ ವಿಪರೀತ, ಮಂಕಿ ಕ್ಯಾಪ್ ತರಲು ಹೇಳಿ, ಯಾರೂ ನಗಲ್ಲ.

ಮಳೆ ಬಂದರೆ ಚೇಂಬರ್ಸ್ ಸ್ಟ್ರೀಟಿನ ಮ್ಯೂಸಿಯಮ್ಮಿಗೆ ಹೋಗಿ. 1836ರಲ್ಲಿ ಹುಡುಗರು ಮೊಲ ಹಿಡಿಯಲು ಹೋಗಿ ಇದೇ ಗುಡ್ಡದ ಬಿಲವೊಂದರಲ್ಲಿ 17 ಪುಟಾಣಿ ಶವಪೆಟ್ಟಿಗೆ ಕಂಡರು, ಒಂದೊಂದರಲ್ಲೂ ಮರದ ಗೊಂಬೆ. ಉಳಿದಿರುವ ಎಂಟು ಅಲ್ಲಿವೆ. ಯಾರು ಇಟ್ಟರು, ಯಾಕೆ ಇಟ್ಟರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅಮ್ಮನಿಗೆ ಇದನ್ನು ಮೊದಲೇ ಹೇಳಬೇಡಿ ಮತ್ತೆ.

ಹಾಸನದ_ಹುಡುಗ

ಹೋಗಿ ಬಂದೆವು, ಎಲ್ಲರಿಗೂ ಥ್ಯಾಂಕ್ಸ್. ಬುಧವಾರ, ಡನ್‌ಸಪಿ ಕಡೆಯಿಂದಲೇ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ತುದಿಯ ಕಂಬ ಹಿಡಿದು ನಿಂತರು. ಕೋಟೆ, ಲೀತ್‌ನ ಹಡಗು ಬಂದರು, ನೀರಿನಾಚೆ ಫೈಫ್ ಸೀಮೆ ಎಲ್ಲಾ ಕಂಡಿತು. ಇಳಿಯುವಾಗ ಬಂಡೆಯ ಮೇಲೆ ಕೂತುಕೊಂಡೇ ಜಾರಿದರು, ಪ್ಯಾಂಟು ಹೋಯಿತು, ಕಾಲು ಉಳಿಯಿತು.

ಅಮ್ಮ ಕೆರೆ ಹತ್ತಿರ ಕೂತಿರುತ್ತಾರೆ ಅಂದುಕೊಂಡರೆ ಜಾಗದಲ್ಲಿ ಇಲ್ಲ! ನೋಡಿದರೆ ಇಳಿಜಾರಿನಲ್ಲಿ ಹಳದಿ ಹೂವಿನ ಮುಳ್ಳುಪೊದೆ ಪಕ್ಕ ನಿಂತು ಮೂಸುತ್ತಿದ್ದಾರೆ. ಗಾರ್ಸ್ ಅಂತಾರಲ್ಲ, ಅದು. "ಇಲ್ಲಿ ಯಾರೋ ಕೊಬ್ಬರಿ ತುರಿದಿದ್ದಾರೆ ಕಣೋ" ಅಂದರು. ನಾನೂ ಮೂಸಿದೆ. ನಿಜವಾಗಲೂ ಕೊಬ್ಬರಿ ವಾಸನೆ.